ನಲವತ್ತೊಂದನೆಯ ಪುಟ

ಎಲ್ಲ ಸರಿಯಿದೆಯೇ ಎಂದು ಕೇಳಿತ್ತು. ಕೇಳಿದ್ದು ಮನುಷ್ಯರಾಗಿದ್ದರೆ ಹೂಂ ಎಂದು ಮುಗಿಸಬಹುದಿತ್ತು. ಮನುಷ್ಯರಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರುವುದಿಲ್ಲ. ಕೇಳಿದ್ದು ಮಾವನ ದಿಂಬಿನ ಪಕ್ಕ ಬೂದು ಬಣ್ಣದ ಚೀಲದಲ್ಲಿ ಮಲಗಿರುವ, ಇನ್ನೂರು ಗ್ರಾಂ ಕೂಡ ತೂಗದ ಇ-ಪುಸ್ತಕ ಓದುವ ಆ ಹಲಗೆ. ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅದು ಗಂಡನ ಫೋನಿಗೆ ವಾರದ ವರದಿ ಕಳಿಸುತ್ತಿತ್ತು, ಗಂಡ ಅದನ್ನು ಅವಳಿಗೆ ದಾಟಿಸುತ್ತಿದ್ದ, ಅವಳು ಬಸ್ ಡಿಪೋದ ಹಿಂಭಾಗದ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂತು ಅದನ್ನು ಓದದೆ ಅಳಿಸುತ್ತಿದ್ದಳು. ಇವತ್ತು ಯಾಕೋ ಓದಿದಳು. ನಿಮ್ಮ ಓದುಗರು ಈ ವಾರ ಐದು ಗಂಟೆ ಹನ್ನೆರಡು ನಿಮಿಷ ಓದಿದ್ದಾರೆ, ಅಭಿನಂದನೆಗಳು. ತಿರುಗಿಸಿದ ಪುಟಗಳು: ಸೊನ್ನೆ. ನಿಮ್ಮ ಓದುಗರು ಹತ್ತೊಂಬತ್ತು ದಿನಗಳಿಂದ ನಲವತ್ತೊಂದನೆಯ ಪುಟದಲ್ಲಿದ್ದಾರೆ. ಎಲ್ಲ ಸರಿಯಿದೆಯೇ? ಅದರ ಕೆಳಗೆ ಗಂಡ ನಗುವ ಮುಖವೊಂದನ್ನು ಅಂಟಿಸಿ ಬರೆದಿದ್ದ: "ಒಂದೇ ಪುಟ ಅರೆದು ಕುಡೀತಿದ್ದೀರಾ ಇಬ್ರೂ? ಇವತ್ತು ಮೂರಕ್ಕೆ ಮನೇಲಿರ್ತೀನಿ. ಅದಕ್ಕೇ ಓದೋಕೆ ಬರುತ್ತಂತೆ, ದನಿ ಆನ್ ಮಾಡಿಕೊಡ್ತೀನಿ. ನಿನ್ನ ಗಂಟಲಿಗೂ ರಜ."

ಕೌಂಟರಿನ ಆಚೆ ಒಬ್ಬ ಮನುಷ್ಯ ಎಷ್ಟು ಹೊತ್ತಿನಿಂದಲೋ ನಿಂತಿದ್ದ. ಕನ್ನಡಕ ಕಳೆದಿತ್ತಂತೆ, ಏಳನೇ ನಂಬರಿನ ಬಸ್ಸಿನಲ್ಲಿ. ಅವಳು ಅಭ್ಯಾಸಬಲದಿಂದ ಗುರುತು ಹೇಳಿ ಎಂದಳು. ಇಲ್ಲಿಯ ನಿಯಮ ಅದೊಂದೇ. ವಸ್ತುವನ್ನು ತೋರಿಸುವ ಮೊದಲು ಬಂದವರು ಅದರ ಗುರುತು ಹೇಳಬೇಕು, ಹೊರಗಿನಿಂದ ಕಾಣದ ಒಂದು ಗುರುತು, ಮಾಲೀಕನಿಗಲ್ಲದೆ ಬೇರೆಯವರಿಗೆ ಗೊತ್ತಿರದಂಥದ್ದು. "ಕನ್ನಡಕ ಇಲ್ದೆ ನಾನು ಯಾವ ಗುರುತು ಹಿಡೀಲಿ ಮೇಡಂ," ಎಂದು ಅವನು ನಕ್ಕ. ಬೇರೆ ದಿನವಾಗಿದ್ದರೆ ಅವಳೂ ನಕ್ಕು, ಅವನಿಗೊಂದು ಹೆಂಡತಿಯನ್ನೂ ಹೆಂಡತಿಗೊಂದು ಮುನಿಸನ್ನೂ ಮನಸ್ಸಿನಲ್ಲೇ ಕಟ್ಟಿಕೊಟ್ಟು, ಮಧ್ಯಾಹ್ನ ಮೂರಕ್ಕೆ ಅವನನ್ನು ಮಾವನ ಕೋಣೆಗೆ ಕರೆದೊಯ್ಯುತ್ತಿದ್ದಳು. ಇವತ್ತು ಬಲಗಡೆ ಕಡ್ಡಿಗೆ ದಾರ ಸುತ್ತಿದೆಯೇ ಎಂದು ತಾನೇ ಗುರುತು ಹೇಳಿ, ನಿಯಮ ಮುರಿದು, ಕನ್ನಡಕ ಕೊಟ್ಟು ಕಳಿಸಿದಳು. ಹಿಂದೆ ಜನ ಪುಸ್ತಕ ಓದುತ್ತಿದ್ದರು. ಈಗ ಪುಸ್ತಕ ಜನರನ್ನು ಓದುತ್ತದೆ, ಸಾಲದ್ದಕ್ಕೆ ವಾರಕ್ಕೊಮ್ಮೆ ವಿಮರ್ಶೆಯನ್ನೂ ಬರೆಯುತ್ತದೆ. ಇದನ್ನು ಯಾರಿಗಾದರೂ ಹೇಳಿ ನಗಬಹುದಿತ್ತು. ಆದರೆ ಹೇಳಿದರೆ ನಲವತ್ತೊಂದನೆಯ ಪುಟದಲ್ಲಿ ಹತ್ತೊಂಬತ್ತು ದಿನ ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಅವಳು ಓದುತ್ತಿರಲಿಲ್ಲ, ಅಷ್ಟೇ. ಐದು ವರ್ಷಗಳಿಂದ, ಕಣ್ಣು ಹೋದ ಮಾವನ ಮಂಚದ ಪಕ್ಕ ದಿನಾ ಮುಕ್ಕಾಲು ಗಂಟೆ ಕೂತು, ತೊಡೆಯ ಮೇಲೆ ಪುಸ್ತಕ ಬಿಡಿಸಿಟ್ಟುಕೊಂಡು, ಅದರಲ್ಲಿಲ್ಲದ್ದನ್ನು ಹೇಳುತ್ತಿದ್ದಳು. ಮೊದಲು ಹಾಗಿರಲಿಲ್ಲ. ಮೊದಲ ವರ್ಷ ಅಕ್ಷರ ಅಕ್ಷರವನ್ನೂ ಓದಿದ್ದಳು. ಒಮ್ಮೆ ಲೈಬ್ರರಿಯಿಂದ ತಂದ ಪುಸ್ತಕವೊಂದರಲ್ಲಿ ಹದಿನಾರು ಪುಟ ಯಾರೋ ಕಿತ್ತಿದ್ದರು, ಕಥೆ ಸೇತುವೆಯ ಮೇಲೆ ನಿಂತಿದ್ದ ಒಬ್ಬ ಹೆಂಗಸಿನ ಹತ್ತಿರ ಕಡಿದುಹೋಗಿತ್ತು. ಮಾವ ಕುತ್ತಿಗೆ ಮುಂದೆ ಚಾಚಿ ಕಾಯುತ್ತಿದ್ದರು. ಪುಟ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೆಂಗಸನ್ನು ಸೇತುವೆಯಿಂದ ಇಳಿಸಿ, ಬಸ್ ಹತ್ತಿಸಿ, ಬಸ್ಸಿನಲ್ಲಿ ಅವಳ ಛತ್ರಿ ಮರೆಸಿ, ಹದಿನಾರು ಪುಟ ದಾಟಿಸಿದಳು. ಅವತ್ತು ಮಾವ, ಇವನು ಒಳ್ಳೆ ಬರಹಗಾರ ಕಣಮ್ಮ, ಈ ಭಾಗ ಚೆನ್ನಾಗಿ ಬರೆದಿದಾನೆ ಎಂದಿದ್ದರು. ಕಿವಿಗೆ ಬಿಸಿಯಾದ ಆ ಗಳಿಗೆಯನ್ನು ಅವಳು ಇನ್ನೂ ಮರೆತಿರಲಿಲ್ಲ. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅವಳನ್ನು ಯಾರೂ ಹಾಗೆ ಹೊಗಳಿರಲಿಲ್ಲ, ಅದೂ ಬೇರೆಯವರ ಹೆಸರಿನಲ್ಲಿ.

ಮಾವನಿಗೆ ಗೊತ್ತಾಗುವ ಭಯ ಇರಲಿಲ್ಲ, ಅದೇ ತಮಾಷೆ. ನಲವತ್ತು ವರ್ಷ ಅವರು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವರಾಗಿದ್ದರು. ಅವಳು ಓದಬೇಕೆಂದು ಅವರು ಕೇಳುತ್ತಿದ್ದ ಪುಸ್ತಕಗಳೆಲ್ಲ ಒಂದು ಕಾಲಕ್ಕೆ ಅವರೇ ತಿದ್ದಿದವು. "ಮುನ್ನೂರು ಪುಸ್ತಕ ಓದಿದೀನಿ, ಒಂದರ ಕಥೆಯೂ ಗೊತ್ತಿಲ್ಲ ನಂಗೆ," ಎನ್ನುತ್ತಿದ್ದರು. "ಕಥೆ ನೋಡ್ತಾ ಕೂತ್ರೆ ಅಕ್ಷರ ಕೈ ಕೊಡುತ್ತೆ. ನಾವು ಒಳಗೆ ಹೋಗಲ್ಲಮ್ಮ, ಹೊಸಿಲು ಗುಡಿಸಿ ಬರ್ತೀವಿ." ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಭೂತಗನ್ನಡಿ ಹಿಡಿದು ಬಿಸ್ಕತ್ತಿನ ಹೊದಿಕೆ, ಮದುವೆ ಕರೆಯೋಲೆ, ವಿದ್ಯುತ್ ಬಿಲ್ಲು, ಸೋಪಿನ ಕಾಗದ, ಅಕ್ಷರವಿದ್ದದ್ದೆಲ್ಲವನ್ನೂ ಕೆಂಪು ಪೆನ್ಸಿಲಿನಿಂದ ತಿದ್ದಿ, ಅಚ್ಚುಕೂಟದ ಪದ್ಧತಿಯಂತೆ ಕೆಳಗೆ ಓದಿದೆ ಎಂದು ಬರೆದು ತಾರೀಕು ಹಾಕುತ್ತಿದ್ದರು. ಸತ್ತವರ ಫೋಟೋ ಹಾಕಿ ಬಂದ ಕಪ್ಪಂಚಿನ ಕಾಗದಕ್ಕೂ ಓದಿದೆ ಎಂದು ಬರೆದು ಅತ್ತೆಯಿಂದ ಬೈಸಿಕೊಂಡಿದ್ದರು. ಆ ಮನುಷ್ಯನಿಗೆ ಕಣ್ಣು ಹೋಯಿತು.

ಹೋಯಿತು ಎನ್ನುವುದೊಂದು ಮಾತು. ಹೋಗುವುದಕ್ಕೆ ಅದೇನು ಬಸ್ಸೇ? ಅವಳು ಕೌಂಟರಿನ ಹಿಂದಿನ ಬೀರುವಿನ ಕಡೆ ನೋಡದಿರಲು ಪ್ರಯತ್ನಿಸುತ್ತ ಛತ್ರಿಗಳ ಚೀಟಿಗಳನ್ನು ಸರಿಪಡಿಸಿದಳು. ಅತ್ತೆ ತೀರಿಕೊಂಡ ತಿಂಗಳಲ್ಲಿ ಮಾವನ ಕಣ್ಣಿನ ಒತ್ತಡ ಇಳಿಸುವ ಹನಿಯ ಜವಾಬ್ದಾರಿ ಅವಳಿಗೆ ಬಂದಿತ್ತು. ಪದೇ ಪದೇ ಅಂಗಡಿಗೆ ಹೋಗುವುದೇಕೆಂದು ಆರು ಬಾಟಲಿ ಒಟ್ಟಿಗೆ ತಂದು, ಕೈಗೆ ಸಿಗಲಿ ಎಂದು ಒಲೆಯ ಮೇಲಿನ ಶೆಲ್ಫಿನಲ್ಲಿ ಸಾಲಾಗಿ ಇಟ್ಟಳು. ದಿನಾ ರಾತ್ರಿ ಊಟವಾದ ಮೇಲೆ ಒಂದೊಂದು ಕಣ್ಣಿಗೆ ಒಂದೊಂದು ಹನಿ. ಒಂದು ದಿನವೂ ತಪ್ಪಲಿಲ್ಲ. ಎಂಟು ತಿಂಗಳ ಮೇಲೆ ಡಾಕ್ಟರು ನರ ಒಣಗಿದೆ ಎಂದು ಹೇಳಿ, ಹನಿ ಸರಿಯಾಗಿ ಹಾಕುತ್ತಿದ್ದಿರಾ ಎಂದು ಕೇಳಿದಾಗ ಮಾವನೇ ಉತ್ತರ ಕೊಟ್ಟಿದ್ದರು: "ಗಡಿಯಾರ ತಪ್ಪಿದ್ರೂ ನನ್ನ ಸೊಸೆ ತಪ್ಪಲ್ಲ ಡಾಕ್ಟ್ರೇ." ಕೆಲವರಿಗೆ ಔಷಧ ಹತ್ತುವುದಿಲ್ಲ ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಮನೆಗೆ ಬಂದು ಖಾಲಿ ಡಬ್ಬಿಗಳನ್ನು ಎಸೆಯುವಾಗ ಒಂದರೊಳಗಿನ ಚೀಟಿ ಕೈಗೆ ಬಂತು. ಎಂಟು ಮಡಿಕೆಯ ಕಾಗದ, ಮೇಲಿನ ಮಡಿಕೆಯಲ್ಲೇ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು: ತಂಪಾದ ಜಾಗದಲ್ಲಿಡಿ, ಬಿಸಿ ತಾಗಿದರೆ ಔಷಧ ಕೆಡುತ್ತದೆ. ಒಳಗಿನ ಮಡಿಕೆಗಳನ್ನು ತೆರೆಯುವ ಧೈರ್ಯ ಬರಲಿಲ್ಲ. ಎಂಟು ತಿಂಗಳು ಅವಳು ಮಾವನ ಕಣ್ಣಿಗೆ ಬಹುಶಃ ಬೆಚ್ಚಗಿನ ನೀರು ಹಾಕಿದ್ದಳು. ಬಹುಶಃ ಇಲ್ಲ. ಆ ಬಹುಶಃ ಎಂಬ ಪದದ ಮೇಲೆ ಅವಳು ಆರು ವರ್ಷ ಒಂಟಿಗಾಲಿನಲ್ಲಿ ನಿಂತಿದ್ದಳು. ಎಷ್ಟೊಂದು ಕಾದಂಬರಿ ಓದುವವಳು ಅಂಗೈಯಗಲದ ಆ ಒಂದು ಚೀಟಿ ಓದಿರಲಿಲ್ಲ, ಮತ್ತು ಅದನ್ನು ಯಾವ ಹಲಗೆಯೂ ಯಾರಿಗೂ ವರದಿ ಮಾಡಿರಲಿಲ್ಲ.

ಚೀಟಿಯನ್ನು ಹರಿಯಲಾಗಲಿಲ್ಲ, ಮನೆಯಲ್ಲಿಡಲೂ ಆಗಲಿಲ್ಲ. ಗಂಡ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್; ಅವನ ಮಾತಿಗೆ ತೂಕವಿತ್ತು, ಮೌನಕ್ಕೂ ಅಳತೆಯಿತ್ತು, ಮತ್ತು ಮನೆಯ ಯಾವ ಡ್ರಾಯರಿನಲ್ಲಿ ಏನಿದೆ ಎಂಬುದು ಅವನಿಗೆ ಗ್ರಾಂ ಲೆಕ್ಕದಲ್ಲಿ ಗೊತ್ತಿರುತ್ತಿತ್ತು. ಹಾಗಾಗಿ ಚೀಟಿಯನ್ನು ಡಿಪೋಗೆ ತಂದು, ಮಡಿಸಿದ ಕಾಗದ ಒಂದು, ಸಿಕ್ಕಿದ ಜಾಗ ಗೊತ್ತಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದು, ಚೀಟಿಗೊಂದು ಚೀಟಿ ಕಟ್ಟಿ, ಬೀರುವಿನ ಕೆಳಗಿನ ಅರೆಯಲ್ಲಿ ಯಾರದೋ ಹಲ್ಲಿನ ಸೆಟ್ಟಿನ ಪಕ್ಕ ಇಟ್ಟಿದ್ದಳು. ವರ್ಷವಾದರೂ ಯಾರೂ ಕೇಳದ ವಸ್ತುಗಳನ್ನು ಸುಡುತ್ತಾರೆ. ಪ್ರತಿ ವರ್ಷ ಅವಳು ಹೊಸ ನಂಬರು ಕೊಟ್ಟು ಅದನ್ನು ಉಳಿಸಿಕೊಂಡಿದ್ದಳು. ಇವತ್ತು ಬೀಗ ತೆಗೆದು, ಅದನ್ನು ಎತ್ತಿ ಕೈಚೀಲದ ಒಳಜೇಬಿಗೆ ಹಾಕಿಕೊಂಡಳು. ಏಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಪುಟದ ಗುಟ್ಟು ಬಯಲಾದರೆ ಅದರ ಹಿಂದೆಯೇ ಇನ್ನೊಂದು ಗುಟ್ಟೂ ಎದ್ದು ಬರುತ್ತದೆ, ಆಗ ಈ ಬೀರುವನ್ನೂ ಯಾರೋ ಬಂದು ತಡಕುತ್ತಾರೆ ಎನಿಸಿತು. ಹಲಗೆಗೆ ಹತ್ತೊಂಬತ್ತು ದಿನ ಗೊತ್ತಿದ್ದ ಮೇಲೆ ಕೆಳಗಿನ ಅರೆ ಗೊತ್ತಿರುವುದಿಲ್ಲವೇ?

ಗೊತ್ತಿರಬಾರದಿತ್ತು. ತಪ್ಪು ಅವಳದೇ. ಎರಡು ತಿಂಗಳ ಹಿಂದೆ ನಾದಿನಿ ಆ ಹಲಗೆಯನ್ನು ಕಳಿಸಿದಾಗ, ಮನೆಯವರೆಲ್ಲರದೂ ಒಂದೇ ಖಾತೆ ಎಂದು ಗಂಡ ಅದನ್ನು ತನ್ನ ಫೋನಿಗೂ ತಂಗಿಯ ಫೋನಿಗೂ ಜೋಡಿಸಿದ್ದ. ನಿಯಮಗಳ ಉದ್ದನೆಯ ಪಟ್ಟಿಯೊಂದು ಬಂತು. ಅಂಗಡಿಯವರ ತಕ್ಕಡಿಯನ್ನು ಕೂದಲೆಳೆಯಷ್ಟೂ ಬಿಡದೆ ನೋಡುವವನು ಹೆಬ್ಬೆರಳಿನಿಂದ ಅದನ್ನು ಸರ್ರನೆ ಜಾರಿಸಿ, ಓದಿದ್ದೇನೆ ಮತ್ತು ಒಪ್ಪಿದ್ದೇನೆ ಎಂಬಲ್ಲಿ ಒತ್ತಿದ. ಪೂರ್ತಿ ಓದಿದ್ಯೇನೋ ಎಂದು ಮಾವ ಕೇಳಿದರು. ಅದನ್ನೆಲ್ಲ ಯಾರು ಓದ್ತಾರಪ್ಪ ಎಂದು ಅವನು ನಕ್ಕ. ಅವಳೂ ನಕ್ಕಳು. ಕಾಗದದ ಪುಸ್ತಕವಾದರೆ ಕಥೆ ಹೇಳುತ್ತಲೇ ಆಗಾಗ ಒಂದು ಹಾಳೆ ಮಗುಚುತ್ತಿದ್ದಳು, ಮಾವನ ಕಿವಿಗಾಗಿ. ಹಲಗೆಯಲ್ಲಿ ಹಾಳೆಗೆ ಸದ್ದಿಲ್ಲ. ಪುಟ ಸರಿಸಿದರೆ ಅಚ್ಚಿನ ಸಾಲು ಕಣ್ಣಿಗೆ ಬಿದ್ದು ತನ್ನ ಸಾಲು ತಪ್ಪುತ್ತಿತ್ತು. ಆದ್ದರಿಂದ ಬೆಳಕು ಆರದಿರಲಿ ಎಂದು ಅಂಚನ್ನು ಮಾತ್ರ ಬೆರಳಿನಿಂದ ಸವರುತ್ತ, ನಲವತ್ತೊಂದರಲ್ಲೇ ಕೂತು ಹೇಳಿದಳು. ಸದ್ದಿಲ್ಲದ ಪುಟ ಸುದ್ದಿ ಮಾಡುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಎರಡು ಸಲ ಕೈಚೀಲ ಮುಟ್ಟಿ ನೋಡಿಕೊಂಡಳು. ಕಿಟಕಿಯ ಪಕ್ಕದ ಹುಡುಗಿ ಫೋನಿನಲ್ಲಿ ಏನೋ ಓದುತ್ತಿದ್ದಳು, ಅವಳ ಹೆಬ್ಬೆರಳು ಒಂದು ಸಾಲಿನ ಹತ್ತಿರ ನಿಂತಿತು, ಮತ್ತೆ ಜಾರಿತು. ಎಲ್ಲಿ ನಿಂತಳು ಎಂಬುದನ್ನು ಯಾರು ಬರೆದುಕೊಂಡರೋ. ಇಳಿಯುವಾಗ ಮೆಟ್ಟಿಲು ಇರಬೇಕಾದಲ್ಲಿ ಇರಲಿಲ್ಲ. ಹಲಗೆಯಲ್ಲಿದ್ದದ್ದು ಹಡಗು ಕಟ್ಟುವ ಮನೆತನದ ಕಥೆ, ದಪ್ಪ ಕಾದಂಬರಿ. ನಲವತ್ತೊಂದನೆಯ ಪುಟದಿಂದ ಈಚೆಗೆ ಅದರಲ್ಲಿ ನಡೆದದ್ದೆಲ್ಲ ಅವಳದು. ದೊಡ್ಡಣ್ಣನನ್ನು ಜ್ವರ ಬರಿಸಿ ಸಾಯಿಸಿದ್ದಳು. ಆ ಮನೆಗೆ ಕಣ್ಣು ಮಸುಕಾದ ಒಬ್ಬ ಅಜ್ಜಿಯನ್ನು ತಂದಿದ್ದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅದೇ ಮೊದಲ ದಿನ, ಹತ್ತೊಂಬತ್ತು ದಿನಗಳ ಹಿಂದಿನ ಆ ಸೆಖೆಯ ಮಧ್ಯಾಹ್ನ, ಫ್ಯಾನಿನ ಕೆಳಗೆ ಮಾವ ಕಣ್ಣು ಮುಚ್ಚಿ (ಮುಚ್ಚುವುದೇಕೋ, ಅಭ್ಯಾಸ) ಕೇಳುತ್ತಿರುವಾಗ ಅವಳ ಬಾಯಿ ತಾನಾಗಿ ಒಂದು ಔಷಧದ ಬಾಟಲಿಯನ್ನು ತಂದು ಕಿಟಕಿಯ ಮೇಲೆ ಇಟ್ಟುಬಿಟ್ಟಿತು. ಒಲೆ ಎನ್ನಲು ಹೋಗಿ ಕಿಟಕಿ ಎಂದಿದ್ದಳು, ಅಷ್ಟು ಎಚ್ಚರವಿತ್ತು. ಬಿಸಿಲು ಬಾಟಲಿಯ ಮೇಲೆ ಬಿತ್ತು. ಅದರ ಚೀಟಿಯನ್ನು ಆ ಮನೆಯಲ್ಲಿ ಯಾರೂ ಓದಲಿಲ್ಲ. ಸೊಸೆ ತಪ್ಪದೆ ಹನಿ ಹಾಕಿದಳು, ಅಜ್ಜಿ ತಪ್ಪದೆ ಕುರುಡಾದಳು. ಹೇಳಿ ಮುಗಿಸಿದಾಗ ಅವಳ ಬೆನ್ನು ಒದ್ದೆಯಾಗಿತ್ತು, ಎದೆ ಮಾತ್ರ ಆರು ವರ್ಷಗಳಲ್ಲಿ ಮೊದಲ ಸಲ ಹಗುರವಾಗಿತ್ತು. ಮಾವ ನೀರು ಕೇಳಿ ಕುಡಿದರು. ಲೋಟವನ್ನು ಕೆಳಗಿಡದೆ ಕೇಳಿದರು, "ಆಮೇಲೆ ಆ ಹುಡುಗಿ ಹೇಳಿದ್ಲಾ?" ಅವಳು, ಪುಸ್ತಕದಲ್ಲಿ ಇನ್ನೂ ಬಂದಿಲ್ಲ ಮಾವ ಎಂದಳು. ಅವತ್ತಿನಿಂದ ದಿನಾ ಶುರುವಿನಲ್ಲಿ ಅದೇ ಪ್ರಶ್ನೆ. ದಿನಾ ಅವಳು ಸೊಸೆಯನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ, ಹಡಗಿಗೆ ಬಿರುಗಾಳಿ ಎಬ್ಬಿಸಿ, ವಾಪಸ್ ತರುತ್ತಿದ್ದಳು.

ಇವತ್ತು ಮೂರಕ್ಕೆ ಹಲಗೆ ಬಾಯಿ ತೆರೆಯುತ್ತದೆ. ಅಜ್ಜಿ ಇರುವುದಿಲ್ಲ, ಬಾಟಲಿ ಇರುವುದಿಲ್ಲ. ಪುಸ್ತಕದಲ್ಲಿಲ್ಲದ ಬಾಟಲಿ ಮತ್ತೆ ಯಾವ ಮನೆಯದು ಎಂದು ಮಾವ ಒಂದೇ ಒಂದು ಸಲ ಯೋಚಿಸಿದರೆ ಸಾಕು.

ಊಟಕ್ಕೆ ಕೂತಾಗ ಗಂಡ ಬಹಳ ಖುಷಿಯಲ್ಲಿದ್ದ. ಬೆಳಗ್ಗೆ ಮೂರು ತಕ್ಕಡಿ ಹಿಡಿದಿದ್ದನಂತೆ. ಒಬ್ಬ ತಟ್ಟೆಯ ಕೆಳಗೆ ಮೇಣ ಅಂಟಿಸಿದ್ದನ್ನು, ಅವನ ಮುಖ ಪೆಚ್ಚಾದದ್ದನ್ನು ವಿವರಿಸಿದ. ಸುಳ್ಳು ಹೇಳುವವರ ಕೈ ತಕ್ಕಡಿಗಿಂತ ಮೊದಲು ಅಲ್ಲಾಡುತ್ತದೆ ಎಂದ. ಅವಳು ಬಡಿಸುವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ವರದಿಯನ್ನು ನಾದಿನಿಯೂ ಓದಿದ್ದಳಂತೆ, ಅತ್ತಿಗೆ ಅಪ್ಪನಿಗೆ ಜೋಗುಳ ಹಾಡಿ ತಾನೂ ಮಲಗುತ್ತಾಳೇನೋ ನೋಡು ಎಂದು ಬರೆದಿದ್ದಳಂತೆ. ಅವನು ಅದನ್ನು ನಗುತ್ತ ಓದಿ ಹೇಳಿದ. ಮಾವ ತಟ್ಟೆಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿ, ಎಲ್ಲಿ ಏನಿದೆ ಎಂದು ತಿಳಿದುಕೊಂಡು, ಊಟ ಮಾಡಿದರು. ಇವತ್ತು ತಲೆನೋವು, ಓದು ಬೇಡ, ನಾಳೆ ನೋಡೋಣ ಎಂದು ಅವಳು ಹೇಳಿ ನೋಡಿದಳು. ಅದಕ್ಕೇ ತಾನೇ ಅದು ಇರೋದು ಎಂದ ಗಂಡ. ಅವನ ಕಾಳಜಿ ನಿಜವಾದದ್ದೇ ಆಗಿತ್ತು, ಅದರಲ್ಲಿ ಒಂದು ಗ್ರಾಂ ಕೂಡ ಕಡಿಮೆ ಇರಲಿಲ್ಲ, ಆದ್ದರಿಂದ ಬೇಡ ಎನ್ನಲು ಅವಳಿಗೆ ಎಲ್ಲೂ ಬಿರುಕು ಸಿಗಲಿಲ್ಲ.

ಮೂರು ಗಂಟೆಗೆ ಮಾವನ ಕೋಣೆಯಲ್ಲಿ ಅವಳ ಕುರ್ಚಿಯ ಮೇಲೆ ಹಲಗೆಯನ್ನು ದಿಂಬಿಗೆ ಒರಗಿಸಿ ಕೂರಿಸಲಾಯಿತು. ಅವಳು ನಿಂತಿದ್ದಳು, ಬಾಗಿಲ ಹತ್ತಿರ, ಕೈಚೀಲವನ್ನು ಹೆಗಲಿನಿಂದ ತೆಗೆಯದೆ. ಎಲ್ಲಿಗೆ ಹೊರಟೆ ಎಂದು ಗಂಡ ಕೇಳಿದ್ದಕ್ಕೆ ಎಲ್ಲಿಗೂ ಇಲ್ಲ ಎಂದಳು. ಅವನು ಒಂದು ಗುಂಡಿ ಒತ್ತಿದ. ಹೆಣ್ಣಿನದೂ ಅಲ್ಲದ ಗಂಡಿನದೂ ಅಲ್ಲದ ದನಿಯೊಂದು, ಬಸ್ ನಿಲ್ದಾಣದಲ್ಲಿ ಹೊರಡುವ ಹೊತ್ತು ಹೇಳುವಂಥದ್ದು, ಅಧ್ಯಾಯ ಮೂರು ಎಂದಿತು. ಕಥೆಯಲ್ಲಿ ಊಟದ ಮೇಜಿನ ಸುತ್ತ ಮನೆಯವರು ಕೂತಿದ್ದರು. ದೊಡ್ಡಣ್ಣ ಇನ್ನೊಂದು ತುತ್ತಿಗೆ ಕೈ ಹಾಕುತ್ತ ಹೊಸ ಹಡಗಿಗೆ ಯಾವ ಮರ ಒಳ್ಳೆಯದೆಂದು ಹೇಳತೊಡಗಿದ. ಸತ್ತವನು ಹಸಿವಿನಿಂದ ಎದ್ದು ಬಂದಂತೆ ಉಣ್ಣುತ್ತಿದ್ದ. ಮಾವನ ತಲೆ ಸ್ವಲ್ಪ ಓರೆಯಾಯಿತು. ಕರಡು ತಿದ್ದುವಾಗ ತಪ್ಪು ಸಿಕ್ಕಿದರೆ ಅವರ ತಲೆ ಹಾಗೆಯೇ ಓರೆಯಾಗುತ್ತಿತ್ತು ಎಂದು ಅತ್ತೆ ಹೇಳುತ್ತಿದ್ದದ್ದು ಅವಳಿಗೆ ನೆನಪಾಯಿತು.

"ನಿಲ್ಸು," ಎಂದರು ಮಾವ. "ಇವನು ಸತ್ತಿದ್ನಲ್ಲೋ?"

ಗಂಡ ದನಿ ನಿಲ್ಲಿಸಿ ಹಲಗೆಯನ್ನು ಕಣ್ಣ ಹತ್ತಿರ ಹಿಡಿದ. ಇಲ್ಲಪ್ಪ, ಬದುಕಿದ್ದಾನೆ, ಇಲ್ಲೇ ಬರೆದಿದೆ ಎಂದ. ಮಾವ, ಹಾಗಾದ್ರೆ ಆ ಅಜ್ಜಿ ಭಾಗ ಎಲ್ಲಿದೆ ನೋಡು, ಕಣ್ಣಿಗೆ ಹನಿ ಹಾಕ್ತಾರಲ್ಲ ಅದು ಎಂದರು. ಗಂಡ ಅವಳ ಕಡೆ ತಿರುಗಿ ಯಾವ ಅಜ್ಜಿ ಎಂದು ಹುಬ್ಬು ಏರಿಸಿದ. ಅವಳು ಏನಾದರೂ ಹೇಳಬೇಕಿತ್ತು. ಕೈಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡಳು. ಹುಡುಕೋಕೂ ಬರುತ್ತೆ ಇದ್ರಲ್ಲಿ ಎಂದು ಗಂಡ ಉತ್ಸಾಹದಿಂದ ಹನಿ ಎಂದು ಬರೆದು ಒತ್ತಿದ. ಹಲಗೆ ಆರುನೂರು ಪುಟಗಳನ್ನು ಅವಳು ಒಮ್ಮೆ ಉಸಿರೆಳೆಯುವಷ್ಟರಲ್ಲಿ ತಡಕಿತು. ಎರಡು ಕಡೆ ಸಿಕ್ಕಿತು, ಒಂದು ಬೆವರಿನ ಹನಿ, ಇನ್ನೊಂದು ಹಡಗಿನ ತಳಕ್ಕೆ ಬಳಿಯುವ ಡಾಂಬರಿನದು. ಅಜ್ಜಿ ಎಂದು ಹುಡುಕಿದ, ಸೊನ್ನೆ. ಬಾಟಲಿ, ಸೊನ್ನೆ. ಒಂದೊಂದು ಸೊನ್ನೆಯೂ ಅವಳ ಕಡೆಗೆ ತೆರೆದ ಒಂದೊಂದು ಕಣ್ಣಾಗಿತ್ತು. ಗಂಡ ನಿಧಾನವಾಗಿ ತಲೆಯೆತ್ತಿ ಅವಳ ಮುಖ ನೋಡಿದ, ಆಮೇಲೆ ಮುಖ ಬಿಟ್ಟು ಕೈ ನೋಡಿದ. ಮೇಣ ಅಂಟಿಸಿದ ತಟ್ಟೆಯನ್ನು ಹೀಗೆಯೇ ನೋಡಿರಬೇಕು.

"ನೀನು ಅಪ್ಪನಿಗೆ ಏನು ಓದಿ ಹೇಳ್ತಿದ್ದೆ ಇಷ್ಟು ದಿನ?"

ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಮೂರನೆಯ ಸುತ್ತಿಗೊಮ್ಮೆ ಟಿಕ್ ಎನ್ನುತ್ತಿತ್ತು, ಆರು ವರ್ಷಗಳಿಂದ ಹಾಗೆ ಎನ್ನುತ್ತಿದ್ದದ್ದು ಈಗ ಕೇಳಿಸಿತು. ಹೇಳಿಬಿಡಬಹುದು. ಬಾಗಿಲವರೆಗೆ ಬಂದ ಸೊಸೆ ಒಳಗೆ ಕಾಲಿಡಬಹುದು. ಅವಳು ಬಾಯಿ ತೆರೆದಳು, ಆದರೆ ಅಷ್ಟರಲ್ಲಿ ಮಾವ ಮಾತಾಡಿದರು, ಅಚ್ಚುಕೂಟದಲ್ಲಿ ಕಿರಿಯರನ್ನು ಗದರಿಸುತ್ತಿದ್ದ ಹಳೆಯ ದನಿಯಲ್ಲಿ.

"ನಿನ್ನ ಹಲಗೇಲಿ ಇಲ್ಲ ಅಂದ್ರೆ ಪುಸ್ತಕದಲ್ಲಿ ಇಲ್ಲ ಅಂತಲ್ಲ ಕಣೋ. ಮೊದಲನೇ ಮುದ್ರಣದಲ್ಲಿತ್ತು. ನಾನೇ ತಿದ್ದಿದ್ದು. ಆಮೇಲೆ ಕತ್ತರಿ ಹಾಕಿದಾರೆ. ಇವಳು ಲೈಬ್ರರಿಯಿಂದ ಹಳೇದು ತಂದು ಓದಿದ್ಲು. ನೀನು ತೂಕ ನೋಡ್ಕೊಂಡಿರು, ಪುಸ್ತಕದ ವಿಷಯಕ್ಕೆ ಬರಬೇಡ."

ಹಾಗೆ ಒಂದು ಹಳೆಯ ಮುದ್ರಣ ಆ ಮನೆಗೆ ಬಂದೇ ಇರಲಿಲ್ಲ. ಗಂಡ ಒಂದು ಗಳಿಗೆ ಅಪ್ಪನ ಮುಖವನ್ನು ಅಳೆದ. ಅಲ್ಲಿ ಅಳತೆಗೆ ಸಿಗುವಂಥದ್ದೇನೂ ಇರಲಿಲ್ಲ. ಕಣ್ಣಿಲ್ಲದ ಮುಖಕ್ಕೆ ಅದೊಂದು ಅನುಕೂಲ. ಇದು ಗ್ರಾಹಕರಿಗೆ ಮಾಡುವ ಮೋಸ, ಪೂರ್ತಿ ಪುಸ್ತಕ ಎಂದು ಹೇಳಿ ಅಧ್ಯಾಯ ಕಡಿಮೆ ತೂಗುವುದು, ಕಂಪನಿಗೆ ದೂರು ಬರೆಯುತ್ತೇನೆ ಎಂದು ಅವನು ಎದ್ದ. ಹೋಗುವಾಗ ಅವಳ ಹೆಗಲನ್ನು ಮೆಲ್ಲಗೆ ತಟ್ಟಿದ. ಕ್ಷಮೆಯೋ ಎಚ್ಚರಿಕೆಯೋ ತಿಳಿಯಲಿಲ್ಲ. ಹಜಾರದಲ್ಲಿ ಅವನು ದೂರಿನ ಸಾಲುಗಳನ್ನು ಫೋನಿಗೆ ಜೋರಾಗಿ ಒದರುವುದು ಕೇಳಿಸುತ್ತಿತ್ತು.

ಅವಳು ಹಲಗೆಯನ್ನು ಎತ್ತಿಕೊಂಡು ತನ್ನ ಕುರ್ಚಿಯಲ್ಲಿ ಕೂತಳು. ಮಾವ ಎಷ್ಟೋ ಹೊತ್ತು ಹೊದಿಕೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ, ಮತ್ತೆ ಮಡಿಸುತ್ತ ಇದ್ದರು. ಆಮೇಲೆ ಹಜಾರಕ್ಕೆ ಕೇಳದಷ್ಟು ಮೆಲ್ಲಗೆ, ಆ ಅಜ್ಜಿ ಅಧ್ಯಾಯದಲ್ಲಿ ಒಂದು ತಪ್ಪು ಉಳಿದಿದೆ, ತಿದ್ದಿಕೋ ಎಂದರು. ಏನು ಮಾವ ಎಂದು ಕೇಳಿದ ದನಿ ಅವಳದೆಂದು ಅವಳಿಗೇ ಅನಿಸಲಿಲ್ಲ.

"ಚೀಟೀನ ಯಾರೂ ಓದಲಿಲ್ಲ ಅಂತ ಹೇಳಿದೆ ನೀನು. ಅಜ್ಜಿ ಓದಿದ್ಲು."

ಅವಳ ಕೈ ಕೈಚೀಲದ ಒಳಜೇಬಿಗೆ ಹೋಯಿತು.

"ಮೊದಲನೇ ದಿನವೇ. ಆಗಿನ್ನೂ ಎಡಗಣ್ಣು ಇತ್ತಲ್ಲ ಅವಳಿಗೆ. ಎರಡು ತಪ್ಪು ಹಿಡಿದ್ಲು. ತಿದ್ದಿ, ಮಡಿಸಿ, ಡಬ್ಬಿಗೆ ಹಾಕಿ, ಡಬ್ಬೀನ ತಾನೇ ತಗೊಂಡು ಹೋಗಿ ವಾಪಸ್ ಒಲೆ ಮೇಲಿನ ಶೆಲ್ಫಲ್ಲಿ ಇಟ್ಲು."

"ಪುಸ್ತಕದಲ್ಲಿ ಕಿಟಕಿ ಅಂತಿದೆ ಮಾವ," ಎಂದಳು.

"ಅದೂ ತಪ್ಪೇ."

ಅವರ ಮುಖ ಕಿಟಕಿಯ ಕಡೆಗಿತ್ತು, ಬೆಳಕು ಯಾವ ಕಡೆ ಎಂದು ಅದಕ್ಕಿನ್ನೂ ಗೊತ್ತಿತ್ತು. ತಂಪಲ್ಲಿ ಇಡಿ ಅಂತ ಇತ್ತು, ಅಕ್ಷರ ಸರಿಯಾಗಿತ್ತು, ಅದಕ್ಕೇ ಅಲ್ಲಿ ನಿಲ್ಲಲಿಲ್ಲ ನಾನು, ಎಂದರು. ಅಜ್ಜಿ ಎನ್ನಲು ಮರೆತಿದ್ದರು, ಅಥವಾ ಮರೆತಿರಲಿಲ್ಲ. ಅವಳು ಕೈಚೀಲದ ಒಳಜೇಬಿನಿಂದ ಮಡಿಸಿದ ಕಾಗದವನ್ನು ತೆಗೆದು, ಡಿಪೋದ ನಂಬರು ಕಟ್ಟಿದ ದಾರ ಬಿಚ್ಚಿದಳು. ಆರು ವರ್ಷದ ಮಡಿಕೆಗಳು ಒಣಗಿ ಗರಿಗರಿಯಾಗಿದ್ದವು. ಮೊದಲ ಮಡಿಕೆ, ಗೊತ್ತಿದ್ದ ಸಾಲು. ಎರಡನೆಯದು, ಮೂರನೆಯದು. ಅವರು ಆ ಸದ್ದಿಗೆ ಕಿವಿ ಕೊಟ್ಟಿದ್ದರು, ಏನದು ಎಂದು ಕೇಳಲಿಲ್ಲ. ಐದನೆಯ ಮಡಿಕೆಯ ಅಂಚಿನಲ್ಲಿ ಒಂದು ಸಣ್ಣ ಕೆಂಪು ಗೀಟು, ಬಿಟ್ಟುಹೋದ ಅಕ್ಷರವೊಂದಕ್ಕೆ. ಅದರ ಕೆಳಗೆ ಇನ್ನೊಂದು. ಪೂರ್ತಿ ಬಿಡಿಸಿದಾಗ ತೀರ ಕೊನೆಗೆ, ನಡುಗುವ, ಆದರೆ ಸಾಲು ತಪ್ಪದ ಕೆಂಪು ಅಕ್ಷರಗಳಲ್ಲಿ: ಓದಿದೆ. ಪಕ್ಕದಲ್ಲಿ ತಾರೀಕು, ಅವಳು ಆರು ಬಾಟಲಿ ತಂದ ತಿಂಗಳಿನದು.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅದರ ಬದಲು ಹೊಸ ಹೆದರಿಕೆಯೊಂದು ಹಳೆಯದರ ಪಕ್ಕ ಬಂದು, ಮಂಚದ ಮೇಲೆ ಜಾಗ ಸರಿಮಾಡಿಕೊಂಡು ಕೂತಿತು: ಇವರಿಗೆ ಎಂದಿನಿಂದ ಗೊತ್ತಿತ್ತು? ಹತ್ತೊಂಬತ್ತು ದಿನದಿಂದಲೋ, ಗಡಿಯಾರ ತಪ್ಪಿದರೂ ತಪ್ಪಲ್ಲ ಎಂದು ಡಾಕ್ಟರ ಮುಂದೆ ಹೇಳಿದ ದಿನದಿಂದಲೋ? ಆಮೇಲೆ ಆ ಹುಡುಗಿ ಹೇಳಿದ್ಲಾ ಎಂದು ದಿನಾ ಕೇಳುವಾಗ ಅವರು ಕಾಯುತ್ತಿದ್ದದ್ದು ಅವಳ ಮಾತಿಗೋ, ತಮ್ಮ ಸರದಿಗೋ? ಹಜಾರದಲ್ಲಿ ಗಂಡ, ದಯವಿಟ್ಟು ಓದಿನ ಪೂರ್ತಿ ದಾಖಲೆ ಕಳಿಸಿ, ಯಾವ ದಿನ ಯಾವ ಪುಟ ಎಂದು ನಾನೇ ಹೋಲಿಸಿ ನೋಡುತ್ತೇನೆ ಎಂದು ಹೇಳುತ್ತಿದ್ದ. ಅವಳು ಕಾಗದವನ್ನು ಮಾವನ ಅಂಗೈಯಲ್ಲಿಟ್ಟಳು. ಅವರು ಅದನ್ನು ಹೆಬ್ಬೆರಳಿನಿಂದ ಸವರಿದರು, ತಟ್ಟೆಯ ಅಂಚನ್ನು ಸವರಿದಂತೆ, ಪೆನ್ಸಿಲ್ ಒತ್ತಿದ ಜಾಗದಲ್ಲಿ ಸ್ವಲ್ಪ ನಿಂತರು. ಮಡಿಸಿದರು, ಎಂಟು ಮಡಿಕೆ, ಒಂದೂ ತಪ್ಪಲಿಲ್ಲ. ದಿಂಬಿನ ಕೆಳಗೆ ತಳ್ಳಿದರು.

"ಈಗ ಎಷ್ಟನೇ ಪುಟದಲ್ಲಿದೆ ಅದು?"

"ನಲವತ್ತೊಂದು."

ಅವರು ತಲೆಯನ್ನು ಹಜಾರದ ಕಡೆ ಸ್ವಲ್ಪ ಓರೆ ಮಾಡಿ ಮಗನ ದನಿಯನ್ನು ಕೇಳಿಸಿಕೊಂಡರು.

"ಸರಿ, ಹೇಳು. ನಡುನಡುವೆ ಪುಟ ತಿರುಗಿಸ್ತಾ ಇರಮ್ಮ. ಅವನು ನೋಡ್ತಿರ್ತಾನೆ."